ಭಾವನ ಕತ್ತಿಗೆ ಸಿಕ್ಕ ಹಿರಿತನ

ನನ್ನ ಅಕ್ಕನ ಗಂಡ ಮನೆಗಳಿಗೆ ಬಣ್ಣ ಹೊಡೆಯುವವರು. ಗೋಡೆಗೆ ಯಾರು ಬೇಕಾದರೂ ಹೊಡೆಯಬಹುದು, ಸೀಲಿಂಗಿಗೆ ಹೊಡೆಯುವವನೇ ಗಂಡಸು ಎಂಬುದು ಅವರ ಅಭಿಪ್ರಾಯ. ಬೇರೆ ಯಾವ ವಿಷಯದಲ್ಲೂ ಅವರಿಗೆ ಅಭಿಪ್ರಾಯವಿಲ್ಲ. ಊಟಕ್ಕೆ ಏನು ಮಾಡಲಿ ಎಂದು ಕೇಳಿದರೂ ಅಕ್ಕನ ಮುಖವನ್ನೇ ನೋಡುತ್ತಾರೆ. ಇಂಥ ಮನುಷ್ಯನನ್ನು ನಮ್ಮ ಚರ್ಚಿನವರು ಸಭೆಯ ಹಿರಿಯರನ್ನಾಗಿ ಆರಿಸಿದ್ದಕ್ಕೆ ಅವರ ಕತ್ತೇ ಕಾರಣ.

ಮದುವೆ ಹಾಲ್ ಒಂದರ ಸೀಲಿಂಗ್ ಮುಗಿಸಿ ಭಾವ ಏಣಿಯಿಂದ ಇಳಿದರು, ತಲೆ ಇಳಿಯಲಿಲ್ಲ. ಮುಖ ಆಕಾಶಕ್ಕೆ ಮಾಡಿಕೊಂಡೇ ಮನೆಗೆ ಬಂದರು. ಎಣ್ಣೆ ತಿಕ್ಕಿದೆವು, ಬಿಸಿನೀರಿನ ಚೀಲ ಇಟ್ಟೆವು, ತಾಳ್ಮೆಗೆಟ್ಟು ನಾನು ಹಿಂದಲೆಗೆ ಒಂದು ಬಿಟ್ಟೂ ನೋಡಿದೆ. ಜಪ್ಪಯ್ಯ ಅಂದರೂ ಕತ್ತು ಬಗ್ಗಲಿಲ್ಲ.

ಭಾನುವಾರ ಅದೇ ಸ್ಥಿತಿಯಲ್ಲಿ ಹೋಗಿ ಚರ್ಚಿನ ಬೆಂಚಿನಲ್ಲಿ ಕೂತರು. ಹಾಡುವಾಗಲೂ ಮುಖ ಮೇಲೆ, ಪಾದ್ರಿಗಳ ಪ್ರಸಂಗಕ್ಕೂ ಮೇಲೆ, ಕಾಣಿಕೆ ತಟ್ಟೆ ಬಂದಾಗಲೂ ಮೇಲೆ. ಮುಂದಿನ ಭಾನುವಾರವೂ ಹಾಗೇ, ಅದರ ಮುಂದಿನದೂ ಹಾಗೇ. ಜನ ಪಿಸುಗುಟ್ಟಿದರು: “ನೋಡಿ, ಕಣ್ಣು ಪರಲೋಕ ಬಿಟ್ಟು ಕದಲ್ತಾನೇ ಇಲ್ಲ!” ಅದೇ ಸಮಯಕ್ಕೆ ಹಿರಿಯರೊಬ್ಬರು ವಯಸ್ಸಾಯಿತೆಂದು ಹುದ್ದೆ ಬಿಟ್ಟರು. ಆ ಜಾಗಕ್ಕೆ ಸಭೆ ಒಕ್ಕೊರಲಿನಿಂದ ಭಾವನನ್ನು ಆರಿಸಿತು. ಬೇಡ ಎಂದು ತಲೆಯಾಡಿಸಲು ಅವರು ಬಹಳ ಪ್ರಯತ್ನಪಟ್ಟರು, ಆಡಬೇಕಲ್ಲ!

ನೇಮಕದ ದಿನ ಪಾದ್ರಿಗಳೂ ಉಳಿದ ಹಿರಿಯರೂ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆ ಹಿರಿಯರಲ್ಲಿ ಬೇಕರಿಯವನೂ ಒಬ್ಬ, ದಿನವಿಡೀ ಹಿಟ್ಟು ನಾದುವ ಕೈ. ಆಮೆನ್ ಅನ್ನುವಾಗ ಭಕ್ತಿಯಿಂದ ಒಂದು ಒತ್ತು ಒತ್ತಿದ. ಲಟಕ್! ಭಾವನ ತಲೆ ತನ್ನ ಜಾಗಕ್ಕೆ ಬಂದು ಕೂತಿತು. ಸೇವೆಗೆ ತಲೆಬಾಗಿದರೆಂದು ಸಭೆ ಹಲ್ಲೆಲೂಯಾ ಕೂಗಿ ಕುಣಿದಾಡಿತು.

ಭಾವ ಮಾತ್ರ ಮನೆಗೆ ಬಂದು ಊಟ ಬಿಟ್ಟರು. “ದೇವರು ನನ್ನ ಆರಿಸಿಲ್ಲ ಕಣೇ, ಜನ ನನ್ನ ಕತ್ತನ್ನ ಆರಿಸಿದ್ದಾರೆ. ದೇವರ ಹೆಸರಲ್ಲಿ ಮೋಸ ಮಾಡ್ಲಾ?” ಎಂದು ಅಕ್ಕನೆದುರು ಕಣ್ಣೀರಿಟ್ಟರು. ನಗಬೇಕೆಂದಿದ್ದ ನಾನು ಒಂದು ಲೋಟ ನೀರು ತಂದು ಅವರ ಮುಂದಿಟ್ಟೆ.

ಮುಂದಿನ ಭಾನುವಾರ ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಭೆಯ ಮುಂದೆ ಹೇಳಿಯೇಬಿಟ್ಟರು. “ಅದು ಭಕ್ತಿ ಅಲ್ಲ, ಕತ್ತು ಹಿಡ್ಕೊಂಡಿತ್ತು. ಬೇರೆಯವರನ್ನ ಆರಿಸ್ಕೊಳ್ಳಿ.”

ಪಾದ್ರಿಗಳು ಕೆಮ್ಮಿದರು. “ನೋಡಿ, ಬೈಬಲ್ಲಿನಲ್ಲಿ ಸೌಲ ಕಳೆದುಹೋದ ಕತ್ತೆ ಹುಡುಕೋಕೆ ಹೊರಟಿದ್ದ. ದೇವರು ಅವನನ್ನ ರಾಜನನ್ನಾಗಿ ಮಾಡಿದ್ರು.”

“ಆಮೇಲೆ ಅವನ ಗತಿ ಏನಾಯ್ತು ಅಯ್ಯನವರೇ?” ಭಾವನಿಗೆ ನಿಜವಾಗಿಯೂ ಆತಂಕ.

“ಅದು... ಅದನ್ನ ಬಿಡಿ. ಮೋಶೆಯನ್ನ ತಗೊಳ್ಳಿ. ನನ್ನಿಂದ ಆಗಲ್ಲ ಅಂದವನೇ ಅವನೂ. ಯುದ್ಧದ ದಿನ ಪ್ರಾರ್ಥನೆಗೆ ಎತ್ತಿದ್ದ ಅವನ ಕೈ ಸೋತಾಗ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಎತ್ತಿ ಹಿಡಿದ್ರು. ದೇವರು ಒಬ್ಬರನ್ನ ಕರೆದ್ರೆ ಆಸರೆಗೂ ಜನ ಕೊಡ್ತಾರೆ.”

ಆಗ ಇಸ್ತ್ರಿ ಅಂಗಡಿಯ ಅಜ್ಜಿ ಎದ್ದರು. ಅವರು ಎದ್ದರೆ ಯಾರಿಗಾದರೂ ಬೈಗುಳ ಗ್ಯಾರಂಟಿ.

“ಇವನು ಎಲ್ಲಿ ನೋಡ್ತಿದ್ದ ಅನ್ನೋದು ನಂಗೆ ಬೇಕಿಲ್ಲ. ನೀವೆಲ್ಲ ನೆಗಡಿ ಬಂದ್ರೆ ಮುಸುಕು ಹಾಕ್ಕೊಂಡು ಮಲಗೋರು. ಇವನಿಗೆ ಕಾಲ ಕೆಳಗಿನ ಮೆಟ್ಟಿಲೂ ಕಾಣ್ತಿರ್ಲಿಲ್ಲ. ಆದ್ರೂ ಹೆಂಡ್ತಿ ಹೆಗಲು ಹಿಡ್ಕೊಂಡು ಒಂದು ಭಾನುವಾರನೂ ತಪ್ಪಿಸ್ದೆ ಬಂದ. ಇವತ್ತು ಹುದ್ದೆ ಹೋದ್ರೆ ಹೋಗ್ಲಿ ಅಂತ ನಿಜ ಹೇಳ್ದ. ಇನ್ನೆಂಥವನು ಬೇಕು ನಿಮ್ಗೆ? ಬೇಕು ಅನ್ನೋರು ಕೈ ಎತ್ತಿ!”

ಕೈಗಳು ಎದ್ದವು. ನಾನು ಎರಡೂ ಎತ್ತಿದೆ. ಅಜ್ಜಿ ಒಂದನ್ನು ಎಳೆದು ಇಳಿಸಿದರು. ಇಡೀ ಚರ್ಚಿನಲ್ಲಿ ಕೈ ಎತ್ತದವಳು ಅಕ್ಕ ಒಬ್ಬಳೇ. ಹೇಗೆ ಎತ್ತಿಯಾಳು? ಅವಳ ಎರಡೂ ಕೈಗಳನ್ನು ಭಾವ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು.