ಅಪ್ಪ ಮಾತು ಬಿಟ್ಟಿದ್ದೂ ನಾನು ಬೈಕು ತಂದಿದ್ದೂ

ಬೆಳಿಗ್ಗೆ ಅವ್ವ ಹಿತ್ತಿಲ ಕಲ್ಲಿನ ಮೇಲೆ ಕೂತು ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಉಜ್ಜುತ್ತಿದ್ದಳು. ಆ ಹುಳಿ ವಾಸನೆ ಬಂದರೆ ನಿಮಗೆ ಸಾರು ನೆನಪಾಗಬಹುದು, ಚಿತ್ರಾನ್ನ ನೆನಪಾಗಬಹುದು. ನನಗೆ ಚೆನ್ನೈ ಬಂದರಿನ ಗೋದಾಮು ನೆನಪಾಗುತ್ತದೆ, ಅಲ್ಲಿನ ಕಸ್ಟಮ್ಸ್ ಆಫೀಸರು ನೆನಪಾಗುತ್ತಾರೆ. ಕೂತುಕೊಳ್ಳಿ, ಹೇಳುತ್ತೇನೆ. ನನ್ನ ಮಾನ ಹೋಗುವ ಕಥೆಯೇ. ಆದರೆ ನನ್ನ ಮಾನ ಧರ್ಮಪುರಿ ಹತ್ತಿರದ ನಮ್ಮ ಕಾರಿಮಂಗಲದ ಸುತ್ತಲಿನ ಹಳ್ಳಿಗಳಲ್ಲೆಲ್ಲ ಈಗಾಗಲೇ ತಿರುಗಿ ಸುಸ್ತಾಗಿದೆ. ಇನ್ನೊಂದು ಸುತ್ತು ಹಾಕಿ ಬಂದರೆ ನಷ್ಟವೇನಿಲ್ಲ.

ಮೊದಲು ಅಪ್ಪನ ವಿಷಯ. ಅಪ್ಪ ಹೊಸೂರಿನ ಒಂದು ಬೈಕು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ರಿಟೈರಾದವನು. ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ, ಕಂಪನಿ ಬಸ್ಸಿನಲ್ಲಿ ಬರುತ್ತಿದ್ದ. ಅವನ ಕೆಲಸ ಒಂದೇ. ಲೈನಿನ ಮೇಲೆ ಬೈಕುಗಳು ಒಂದರ ಹಿಂದೆ ಒಂದು ಬರುತ್ತವೆ. ಹಿಂದಿನ ಚಕ್ರವನ್ನು ಹಿಡಿದುಕೊಳ್ಳುವ ಕಬ್ಬಿಣದ ಕವೆಯನ್ನು ಚಾಸಿಗೆ ಸೇರಿಸುವ ಉದ್ದನೆಯ ಬೋಲ್ಟೊಂದಿದೆ. ಅದನ್ನು ಬಿಗಿ ಮಾಡಬೇಕು. ಬಿಗಿಯಾಯಿತು ಎನ್ನುವುದಕ್ಕೆ ಗುರುತಾಗಿ ಅದರ ತಲೆಯ ಮೇಲೆ ಹಳದಿ ಪೇಂಟಿನಲ್ಲಿ ಒಂದು ಗೀಟು ಎಳೆಯಬೇಕು. ಅಷ್ಟೇ. ಮುಂದಿನ ಬೈಕು. ಆ ಬೈಕುಗಳೆಲ್ಲ ಲಾರಿ ಹತ್ತಿ ಎಲ್ಲಿಗೆ ಹೋಗುತ್ತವೆ ಎಂದು ಚಿಕ್ಕಂದಿನಲ್ಲಿ ನಾನು ಕೇಳಿದರೆ “ಎಕ್ಸ್‌ಪೋರ್ಟು” ಎಂದು ಕೈ ಬೀಸಿ ತೋರಿಸುತ್ತಿದ್ದ. ಎಕ್ಸ್‌ಪೋರ್ಟು ಅನ್ನುವುದು ಪಾಪಿರೆಡ್ಡಿಪಟ್ಟಿ ದಾಟಿದರೆ ಸಿಗುವ ಊರು ಎಂದು ನಾನು ತುಂಬಾ ದಿನ ನಂಬಿದ್ದೆ.

ಯಾರ್ಯಾರಿಗೋ ಕೈ ಮುಗಿದು ಅಪ್ಪ ಅದೇ ಕಾರ್ಖಾನೆಯಲ್ಲಿ ನನಗೊಂದು ಅಪ್ರೆಂಟಿಸ್ ಸೀಟು ಕೊಡಿಸಿದ. ನಾನು ಅಲ್ಲಿ ಹನ್ನೊಂದು ದಿನ ಇದ್ದೆ. ಹನ್ನೊಂದನೇ ದಿನ ಊಟವಾದ ಮೇಲೆ ಒಂದು ಕಂಬಕ್ಕೆ ಒರಗಿ ಸುಖವಾಗಿ ಆಕಳಿಸಿದೆ. ಆ ಕಂಬದ ಮೇಲೆ ಒಂದು ದಪ್ಪ ಕೆಂಪು ಗುಂಡಿ ಇತ್ತು. ಇಡೀ ಲೈನು ನಿಂತುಹೋಯಿತು. ಅಷ್ಟು ಜನವೂ ಒಟ್ಟಿಗೆ ತಿರುಗಿ ನನ್ನನ್ನೇ ನೋಡಿದರು. ಅವರಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಅಪ್ಪನೂ ಒಬ್ಬ. ಇಪ್ಪತ್ತಾರು ವರ್ಷದಲ್ಲಿ ಅಪ್ಪನ ಕೈಯಿಂದ ಆ ಲೈನು ಒಂದು ನಿಮಿಷವೂ ನಿಂತದ್ದಿಲ್ಲ. ಯಾರೂ ನನ್ನನ್ನು ಓಡಿಸಲಿಲ್ಲ, ನಾಚಿಕೆ ತಡೆಯದೆ ನಾನೇ ಓಡಿದೆ. ಎಲ್ಲಿಗೆ ಎಂದರೆ ಉಗಾಂಡಕ್ಕೆ. ಬೋರ್‌ವೆಲ್ ಕೊರೆಯುವ ರಿಗ್ಗು ಹತ್ತಿ ಆಫ್ರಿಕಕ್ಕೆ ಹೋಗುವುದು ನಮ್ಮ ಸೇಲಂ ಧರ್ಮಪುರಿ ಕಡೆಯ ಹುಡುಗರಿಗೆ ಹೊಸದಲ್ಲ. ಆಕಳಿಕೆಯಿಂದ ಹೋದವನು ಮಾತ್ರ ನಾನೊಬ್ಬನೇ ಇರಬೇಕು.

ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಪೂರಾ ಬಿಟ್ಟ ಎಂದರೆ ತಪ್ಪಾಗುತ್ತದೆ. ವಿಡಿಯೋ ಕಾಲ್ ಮಾಡಿದರೆ ಅವ್ವನ ಪಕ್ಕದಲ್ಲೇ ಕೂತು, ಗೋಡೆ ನೋಡಿಕೊಂಡು ಮಾತಾಡುತ್ತಿದ್ದ.

“ಅವ್ನ್ಗೆ ಕೇಳು, ಉಂಡ್ನಾ ಅಂತ.”

“ನೀನೇ ಕೇಳ್ಬಾರ್ದಾ? ನಾನೇನು ನಿಮ್ಮಿಬ್ರು ನಡ್ವೆ ಪೋಸ್ಟ್‌ಮ್ಯಾನಾ?” ಎಂದು ಅವ್ವ ರೇಗುತ್ತಿದ್ದಳು.

“ಉಂಡೆ ಅಪ್ಪಾ” ಎಂದು ನಾನೇ ಕೂಗುತ್ತಿದ್ದೆ.

“ಸರಿ ಅಂತ ಏಳು ಅವ್ನ್ಗೆ.”

ಮೂರು ವರ್ಷ ಇದೇ ನಡೆಯಿತು. ನಾನು ಎಲ್ಲವನ್ನೂ ತಮಾಷೆ ಮಾಡುವವನು, ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿದೆ. ಆದರೆ ಫೋನು ಇಟ್ಟ ಮೇಲೆ ನನಗೂ ಗೋಡೆ ನೋಡುವ ಅಭ್ಯಾಸವಾಯಿತು.

ಉಗಾಂಡದಲ್ಲಿ ಬೈಕೇ ಆಟೋ, ಬೈಕೇ ಬಸ್ಸು. ರಿಗ್ಗಿನ ಜಾಗದಿಂದ ಊರಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದವನು ಮೂಸಾ ಎಂಬ ಬೈಕು ಟ್ಯಾಕ್ಸಿಯವನು. ಅವನು ಹೊಸ ಬೈಕು ತೆಗೆದುಕೊಂಡಾಗ ಹಳೆಯದನ್ನು ನನಗೆ ಮಾರಿದ. ಸೀಟಿಗೆ ಚಿರತೆ ಚರ್ಮದ ಬಣ್ಣದ ರೆಕ್ಸಿನ್, ಟ್ಯಾಂಕಿನ ಮೇಲೆ ಯಾರೋ ಬರೆದ ಹದ್ದು. ನೋಡಿದರೆ ಅದು ಕೋಳಿಯೂ ಹೌದು. ಕಂಪನಿಯ ಹೆಸರು ಎಲ್ಲೂ ಉಳಿದಿರಲಿಲ್ಲ. ಯಾವ ದೇಶದ್ದು ಎಂದೆ. ಮೂಸಾ ಎದೆ ತಟ್ಟಿಕೊಂಡು “ಜಪಾನ್!” ಎಂದ. ಬೈಕು ಕಾರ್ಖಾನೆಯ ಅನ್ನ ತಿಂದು ಬೆಳೆದ ನಾನು ತಕ್ಷಣ ನಂಬಿದೆ. ಅಪ್ಪನ ಕೆಲಸವನ್ನು ನಾನು ಎಷ್ಟು ಗಮನವಿಟ್ಟು ನೋಡಿದ್ದೆ ಎನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕಲ್ಲ.

ರಿಗ್ಗಿನವರದು ಒಂದು ಪದ್ಧತಿ. ಹೊಸ ಪಾಯಿಂಟಿನಲ್ಲಿ ಕೊರೆಯುವ ಮೊದಲು ರಿಗ್ಗಿಗೆ ಪೂಜೆಯಾಗಲೇಬೇಕು. ಗಂಧ, ಕುಂಕುಮ, ಕರ್ಪೂರ, ಆಮೇಲೇ ನೀರು. ಪೂಜೆ ಮಾಡುವ ಪಾಳಿ ನನ್ನದಾಗಿತ್ತು. ರಿಗ್ಗಿಗೆ ಮಾತ್ರ ಹಚ್ಚಿದರೆ ಬೈಕು ಬೇಜಾರು ಮಾಡಿಕೊಳ್ಳುತ್ತದೆ ಎಂದು ಅದಕ್ಕೂ ಹಚ್ಚುತ್ತಿದ್ದೆ. ಪಾಯಿಂಟಿಗೊಂದು ಪದರ. ಒರೆಸಿದರೆ ದೇವರಿಗೆ ಅಪಚಾರ, ಆದ್ದರಿಂದ ಒರೆಸುವಂತಿಲ್ಲ. ಗಂಧದ ಮೇಲೆ ಧೂಳು, ಧೂಳಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಮತ್ತೆ ಗಂಧ. ಎರಡು ವರ್ಷದಲ್ಲಿ ನನ್ನ ಬೈಕಿನ ಕತ್ತಿನ ಸುತ್ತ ಒಂದು ಸಣ್ಣ ಗರ್ಭಗುಡಿಯೇ ಎದ್ದಿತ್ತು.

ಊರಿಗೆ ಹೊರಡುವ ಕಾಲ ಬಂದಾಗ ಬೈಕನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ನಿಮಗೆ ನಿಜ ಹೇಳಿಬಿಡುತ್ತೇನೆ, ಬೈಕಿನ ಮೇಲಿನ ಪ್ರೀತಿ ಅರ್ಧ. ಇನ್ನರ್ಧ ಬೇರೆ ಲೆಕ್ಕ. ಬೈಕು ಕಂಡರೆ ಅಪ್ಪನಿಗೆ ಸುಮ್ಮನಿರಲಾಗುವುದಿಲ್ಲ. ಮನೆ ಮುಂದೆ ಜಪಾನಿನ ಬೈಕು ತಂದು ನಿಲ್ಲಿಸಿದರೆ ಒಂದು ಮಾತಾದರೂ ಬಾಯಿಂದ ಬಿದ್ದೀತು. ಬೈದರೂ ಸರಿ, ನನ್ನ ಮುಖ ನೋಡಿಕೊಂಡು ಬೈಯಲಿ.

ಹಡಗು ಹೊರಡುವುದು ಕೀನ್ಯಾದ ಮೊಂಬಾಸಾ ಬಂದರಿನಿಂದ. ಅಲ್ಲಿಯವರೆಗೆ ಲಾರಿಯಲ್ಲಿ ಹಾಕುವುದು ಬಿಟ್ಟು ಐದು ದಿನ ಓಡಿಸಿಕೊಂಡೇ ಹೋದೆ. ಗಡಿಯಲ್ಲಿ ಪಾಸ್‌ಪೋರ್ಟಿನ ಬದಲು ಬ್ಯಾಂಕಿನ ಪಾಸ್‌ಬುಕ್ ಕೊಟ್ಟೆ. ದೊಡ್ಡ ಕಣಿವೆಯೊಂದರ ಅಂಚಿನಲ್ಲಿ ನಿಂತು ಮೈಮರೆತು ನೋಡುವಾಗ ಕೋತಿ ನನ್ನ ಬಾಳೆಹಣ್ಣಿನ ಜೊತೆ ಕೈಗವಸನ್ನೂ ಒಯ್ದಿತು. ಸಮುದ್ರ ಹತ್ತಿರವಾದಂತೆ ಮಣ್ಣು ನಮ್ಮ ಕಡೆಯ ಹಾಗೇ ಕೆಂಪಾಯಿತು, ಆನೆಗಳೂ ಮಣ್ಣಿನ ಬಣ್ಣಕ್ಕೇ ತಿರುಗಿದ್ದವು. ಅಂಥ ಆನೆಯೊಂದು ರಸ್ತೆಯ ನಡುವೆ ನಿಂತಿತ್ತು. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, “ಸಾಮೀ, ದಾರಿ ಬುಡಪ್ಪಾ” ಎಂದೆ. ಕದಲಲಿಲ್ಲ. ತಮಿಳಿನಲ್ಲೂ ಹೇಳಿದೆ. ಕಿವಿ ಬೀಸಿತು. ಒಂದು ಗಂಟೆ ಇಬ್ಬರೂ ಹಾಗೇ ನಿಂತಿದ್ದೆವು. ಆಮೇಲೆ ನನ್ನಿಂದ ಏನೂ ಉಪಯೋಗವಿಲ್ಲ ಎಂದು ತಿಳಿದು ಅದೇ ಹೋಯಿತು. ಐದು ದಿನದಲ್ಲಿ ಬೈಕು ಒಮ್ಮೆಯೂ ಕೈ ಕೊಡಲಿಲ್ಲ. ಕೈ ಕೊಟ್ಟವನು ನಾನೇ, ನಾಲ್ಕು ಸಲ. ಅದರಲ್ಲಿ ಎರಡು ಸಲ ಚರಂಡಿಯಲ್ಲಿ.

ನಾನು ವಿಮಾನದಲ್ಲಿ ಬಂದೆ, ಬೈಕು ನಿಧಾನವಾಗಿ ಹಡಗಿನಲ್ಲಿ ಬಂತು. ಚೆನ್ನೈಗೆ ಬಿಡಿಸಿಕೊಳ್ಳಲು ಹೊರಟಾಗ ಅವ್ವ ಸಮುದ್ರ ನೋಡಬೇಕೆಂದಳು. “ಒಬ್ಳೇ ಓದ್ರೆ ಕಳ್ದೋಯ್ತಾಳೆ” ಎಂದು ಗೋಡೆಗೆ ಹೇಳಿ ಅಪ್ಪನೂ ಹೊರಟ. ಅವಳ ಜೊತೆ ನಾನಿರುವುದು ಅವನ ಲೆಕ್ಕಕ್ಕೆ ಬರಲಿಲ್ಲ.

ಗೋದಾಮಿನ ಅಂಗಳದಲ್ಲಿ ಕಸ್ಟಮ್ಸ್ ಆಫೀಸರು ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಎನ್ನ ತಂಬಿ, ಇದು ವಂಡಿಯಾ ಸಾಮಿಯಾ?” ಎಂದರು. ಗಾಡಿಯೋ ದೇವರೋ ಎಂದು ಅವರಿಗೆ ನಿಜವಾಗಿಯೂ ಅನುಮಾನ. ಕಾಗದದಲ್ಲಿರುವ ಚಾಸಿ ನಂಬರು ಬೈಕಿನ ಮೇಲೆ ಕಾಣಬೇಕು, ಕಾಣದಿದ್ದರೆ ಬಿಡುವುದಿಲ್ಲ ಎಂದು ಕೈಕಟ್ಟಿ ನಿಂತರು. ನಂಬರು ನನ್ನ ಭಕ್ತಿಯ ಅಡಿಯಲ್ಲೆಲ್ಲೋ ಹೂತುಹೋಗಿತ್ತು.

ಬಸ್ಸಿನಲ್ಲಿ ವಾಂತಿ ಬರದಿರಲೆಂದು ಚೀಪಲು ಅವ್ವ ಒಂದು ಉಂಡೆ ಹುಣಸೆಹಣ್ಣು ತಂದಿದ್ದಳು. ಸೆರಗು ಸಿಕ್ಕಿಸಿ ಕೂತಳು. “ಎಲ್ಲಿ ಉಜ್ಬೇಕು, ತೋರ್ಸು.”

“ಎಂಜಿನ್ ತಾವ ಇರ್ತೈತೆ, ಅಲ್ಲುಜ್ಜವ್ವ.”

ಉಜ್ಜಿದಳು. ಎಂಜಿನ್ನು ದೀಪದ ಕಂಬದಂತೆ ಹೊಳೆಯಿತು. ನಂಬರಿಲ್ಲ. ಮಡ್‌ಗಾರ್ಡ್ ತೋರಿಸಿದೆ, ಅಲ್ಲೂ ಇಲ್ಲ. ಸೈಲೆನ್ಸರ್ ತೋರಿಸಿದೆ. ಆಫೀಸರು ಗಡಿಯಾರ ನೋಡಿಕೊಂಡರು. ದೂರದ ನೆರಳಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ಆಕಾಶ ನೋಡುತ್ತಿದ್ದ ಅಪ್ಪನಿಂದ ಇನ್ನು ತಡೆಯಲಾಗಲಿಲ್ಲ.

“ಲೇ! ಸೈಲೆನ್ಸರ್ ಮ್ಯಾಲೆ ಯಾವನ್ಲಾ ನಂಬರ್ ಒಡೀತಾನೆ? ಕುತ್ಗೆ ತಾವ ನೋಡ್ಲಾ, ಬಲ್ಗಡೆ! ಆಂಡಲ್ ತಿರುಗ್ಸು!”

ಅವ್ವನ ಕೈ ಅಲ್ಲೇ ನಿಂತಿತು. ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. “ಅಬ್ಬಾ, ಬಾಯಿ ಬಂತು” ಎಂದಳು. ನಾನು ಹ್ಯಾಂಡಲ್ ತಿರುಗಿಸಿದೆ.

ಗಂಧ ಕರಗಿತು, ಒಂದೊಂದೇ ಅಕ್ಷರ ಎದ್ದು ಬಂತು. ಆಫೀಸರು ಗಟ್ಟಿಯಾಗಿ ಓದತೊಡಗಿದರು. ನಾಲ್ಕು ಅಕ್ಷರ ಆಗುವಷ್ಟರಲ್ಲಿ, ಗುರುತಿನವರ ಹೆಸರು ಕೇಳಿದವನಂತೆ, ಅಪ್ಪ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. ಹಿಂದಿನ ಚಕ್ರದ ಮುಂದೆ ಬೆರಳು ತೂರಿಸಿ, ಹೆಬ್ಬೆಟ್ಟಿಗೆ ಎಂಜಲು ಹಚ್ಚಿ, ಕೊಳೆ ತಿಕ್ಕಿದ. ಒಂದು ಬೋಲ್ಟಿನ ತಲೆ ಕಂಡಿತು. ಅದರ ಮೇಲೆ, ಇದೆಯೋ ಇಲ್ಲವೋ ಎನ್ನುವಷ್ಟು, ಹಳದಿ ಗೀಟು.

“ಇದು ನಮ್ ಗಾಡಿ.”

“ಜಪಾನ್ ಅಪ್ಪಾ ಅದು.”

“ಜಪಾನಾ? ಒಸೂರು ಕಣ್ಲಾ, ಒಸೂರು! ನಮ್ ಲೈನು!”

ಆಫೀಸರಿಗೆ ನಾನು ತಮಿಳಿನಲ್ಲಿ ಇದನ್ನು ವಿವರಿಸಿದೆ. ಅವರು ನಕ್ಕು ನಕ್ಕು ಟೋಪಿ ತೆಗೆದರು. ನಮ್ಮ ಊರಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ತಿಂಡಿ ಹೊತ್ತಿಗೆ ಸಿಗುವ ಬೈಕನ್ನು ನಾನು ಆಫ್ರಿಕಕ್ಕೆ ಹೋಗಿ, ಆನೆಗೆ ಕೈ ಮುಗಿದು, ಹಡಗು ಹತ್ತಿಸಿ ತಂದಿದ್ದೆ.

“ನೀನೇ ಎಳ್ದಿದ್ದ ಗೀಟಾ ಅಪ್ಪಾ?”

“ಮೂರು ಶಿಫ್ಟು ಐತೆ. ನಂದೋ, ಇನ್ಯಾರ್ದೋ.” ಅಪ್ಪ ಇನ್ನೂ ಬೋಲ್ಟನ್ನೇ ನೋಡುತ್ತಿದ್ದ. “ಯಾರ್ದಾದ್ರೇನ್ಲಾ. ಇಷ್ಟು ವರ್ಸ ಆಗೈತೆ, ಒಬ್ನೂ ಬಿಚ್ಚಿಲ್ಲ ನೋಡು.”

ನನಗೆ ಆಗ ಹೊಳೆಯಿತು. ಇಪ್ಪತ್ತಾರು ವರ್ಷ ಅಪ್ಪ ನೋಡಿದ್ದೆಲ್ಲ ಹೊಸ ಬೈಕುಗಳು. ಬಾಳಿ ಬದುಕಿ ವಾಪಸ್ಸು ಬಂದ ಬೈಕನ್ನು ಅವನು ನೋಡಿದ್ದು ಅದೇ ಮೊದಲು.

“ಅಲ್ಲಿ ರೋಡು ಎಂಗೈತೆ?” ಎಂದ. ಗೋಡೆಗಲ್ಲ, ನನಗೆ. ನಾನು ಸಿಮೆಂಟು ನೆಲದ ಮೇಲೆ ಅವನ ಪಕ್ಕದಲ್ಲೇ ಕೂತು ಹೇಳಿದೆ. ಒಂದೂ ತಮಾಷೆ ಸೇರಿಸಲಿಲ್ಲ, ಚರಂಡಿಯನ್ನೂ ಬಿಟ್ಟುಬಿಟ್ಟೆ.

ಬೈಕಿಗೆ ಇಲ್ಲಿಯ ನಂಬರು ಇನ್ನೂ ಆಗಿಲ್ಲ, ರಸ್ತೆಗೆ ಇಳಿಸುವಂತಿಲ್ಲ. ಅಪ್ಪ ಸಂಜೆ ಸಂಜೆ ಮಾವಿನ ತೋಪಿನೊಳಗೆ ಎರಡು ಸುತ್ತು ಓಡಿಸುತ್ತಾನೆ. ಹೋದ ವಾರ ನನ್ನಿಂದ ಮೂಸಾನಿಗೆ ವಿಡಿಯೋ ಕಾಲ್ ಮಾಡಿಸಿದ. ಗಾಡಿಯ ಮೇಲೆ ಎಷ್ಟು ಜನ ಕೂರುತ್ತಿದ್ದರು ಎಂದು ಕೇಳಿಸಿದ. ಐದು, ಒಮ್ಮೊಮ್ಮೆ ಒಂದು ಮೇಕೆ, ಎಂದ ಮೂಸಾ. ಅಪ್ಪ ಎದ್ದು ನಿಂತ. “ಡಿಸೈನು ಇಬ್ರಿಗೆ ಅಂತ ಏಳ್ಲಾ ಅವ್ನ್ಗೆ!” ಎಂದು ನನ್ನ ಮೇಲೆ ಕೂಗಾಡಿದ. ಮಾರನೇ ದಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ, ಐದು ಜನ, ಒಂದು ಮೇಕೆ, ಬೋಲ್ಟು ಅಲ್ಲಾಡಿಲ್ಲ ಎಂದು.

ಇಷ್ಟೆಲ್ಲ ನೆನೆಸಿಕೊಂಡು ನಾನು ಹಿತ್ತಿಲ ಬಾಗಿಲಲ್ಲೇ ನಿಂತಿದ್ದೆ. ಹಿಂದಿನಿಂದ ಅಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ನೀರು ಹಚ್ಚಿ ಬಾಚಿದ ಕೂದಲು.

“ಧರ್ಮಪುರಿಗೆ ಓಗ್ಬತ್ತೀನಿ. ಪಾಸ್‌ಪೋರ್ಟ್‌ಗೆ ಫೋಟೋ ಎತ್ತುಸ್ಬೇಕು.”

“ಯಾತಕ್ಕಪ್ಪಾ?”

“ಸುಮ್ಕೆ. ಇರ್ಲಿ ಅಂತ.” ಕಾಲರು ಸರಿ ಮಾಡಿಕೊಂಡ. “ಆ ಫೋಟೋದಾಗೆ ನಗ್ಬೌದಾ?”

“ಇಲ್ಲಪ್ಪಾ, ನಗಂಗಿಲ್ಲ. ರೂಲ್ಸ್ ಐತೆ. ಇರು, ನಾನೂ ಬತ್ತೀನಿ.”

ಅಪ್ಪ ಮೆಟ್ಟಿಲು ಇಳಿಯುತ್ತಾ ಕೈ ಅಡ್ಡ ಆಡಿಸಿದ.

“ನೀ ಬರ್ಬ್ಯಾಡ ಬುಡು. ನೀನಿದ್ರೆ ನಗು ಬತ್ತದೆ.”