ಮುಯ್ಯಾಳಿನ ಕಾಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಕೆ.ಆರ್. ಪೇಟೆ ಕಡೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದಾಗ ಆ ಕೋಪವನ್ನೆಲ್ಲ ಅಕ್ಕಿಹೆಬ್ಬಾಳಿನಿಂದ ಬರುತ್ತಿದ್ದ ಒಬ್ಬ ಹೆಂಗಸಿನ ಮೇಲೆ ತೀರಿಸಿಕೊಂಡೆ. ಆಕೆಗೆ ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳಲ್ಲಿ ಹುಣ್ಣು. ಕಾಲಿಗೆ ನೀರು ಸೋಕಿಸಬೇಡ ಎಂದು ಮೂರು ವಾರ ಬಡಕೊಂಡೆ. ಪ್ರತಿ ಸಲ "ಊಂ ಕಣವ್ವ" ಎಂದು ತಲೆಯಾಡಿಸಿ ಹೋಗುವಳು, ಮುಂದಿನ ವಾರ ಕೆಸರು ಮೆತ್ತಿದ ಪಟ್ಟಿಯಲ್ಲೇ ಬರುವಳು. ನಾಲ್ಕನೇ ವಾರ ಬೆರಳು ಊದಿತ್ತು, ಹುಣ್ಣು ಆಳಕ್ಕಿಳಿದಿತ್ತು. ಹೀಗೇ ಆದರೆ ಬೆರಳು ತೆಗೆಸಬೇಕಾಗುತ್ತದೆ, ಆಮೇಲೆ ಪಾದವೂ ಉಳಿಯುವ ಗ್ಯಾರಂಟಿಯಿಲ್ಲ ಎಂದು ಕೂಗಾಡಿದೆ. ಆಕೆ ಪಟ್ಟಿ ಕಟ್ಟಿಸಿಕೊಳ್ಳಲು ಕಾಲು ಮುಂದಕ್ಕೆ ಚಾಚಿದಳು.

ಪಟ್ಟಿ ಕಟ್ಟುತ್ತಿದ್ದ ನರ್ಸ್ ಪಾಂಡವಪುರದ ಗದ್ದೆ ಬಯಲಿನಲ್ಲಿ ಬೆಳೆದವರು. ತಲೆಯೆತ್ತದೆ, ನಿಮ್ಮ ಗದ್ದೆ ನಾಟಿ ಮುಗಿಯಿತೇ ಎಂದು ಕೇಳಿದರು. ಅಷ್ಟೇ.

"ನಮ್ದು ಮುಗೀತು ಕಣವ್ವ. ಆರು ಜನ ಬಂದು ನೆಟ್ಕೊಟ್ರು. ಈಗ ಅವ್ರ ಗದ್ದೆಗೆ ನಾನು ಇಳೀದಿದ್ರೆ ಎಂಗೆ?"

ಮುಯ್ಯಾಳು! ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು, ಕೂಲಿಯ ಮಾತಿಲ್ಲ. ತಪ್ಪಿಸಿಕೊಂಡವಳ ಗದ್ದೆಗೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು! ನಾಲ್ಕು ವಾರ ಆ ಕಾಲನ್ನು ತಿರುಗಿಸಿ ಮುರುಗಿಸಿ ನೋಡಿದ್ದೆ, ಅದು ದಿನಾ ಎಲ್ಲಿಗೆ ಹೋಗುತ್ತದೆಂದು ಕೇಳಿರಲಿಲ್ಲ. ನಾಚಿಕೆಯಾಯಿತು.

ಆ ಆರೂ ಜನರನ್ನು ಕರೆದುಕೊಂಡು ಬಾ ಎಂದೆ. ಮಾರನೆಯ ಬೆಳಗ್ಗೆಯೇ ಬಂದರು. ಪಟ್ಟಿ ಬಿಚ್ಚಿ ತೋರಿಸಿದೆ, ನೀರಿಗಿಳಿದರೆ ಏನಾಗುತ್ತದೆಂದು ಹೇಳಿದೆ. ಈಗ ಕೋಪ ಬಂದದ್ದು ಅವರಿಗೆ. ಮೊದಲೇ ಹೇಳೋಕೆ ಬಾಯಿಗೇನಾಗಿತ್ತು ಎಂದು ಆಕೆಯನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. ಆಮೇಲೆ ಅವರಲ್ಲಿ ಹಿರಿಯಳಾದವಳು ತೀರ್ಮಾನ ಕೊಟ್ಟಳು.

"ನೀನು ಗದ್ದೆಗ್ ಇಳೀಬ್ಯಾಡ. ಮನೇಲಿ ಕುಂತ್ಕಂಡು ನಮ್ಗೆಲ್ಲ ಮುದ್ದೆ ಸಾರು ಮಾಡಿ ಕಳ್ಸು. ಅದೇ ನಿನ್ ಮುಯ್ಯಿ."

ನಾನು ಬರೆದುಕೊಟ್ಟ ಔಷಧಿ ಅವತ್ತಿನಿಂದ ಕೆಲಸ ಮಾಡತೊಡಗಿತು. ಎರಡು ತಿಂಗಳು ಡ್ರೆಸ್ಸಿಂಗ್ ನಡೆಯಿತು. ವಾರಕ್ಕೊಬ್ಬಳು ಪಾಳಿಯ ಮೇಲೆ ಆಕೆಯನ್ನು ಬಸ್ಸು ಹತ್ತಿಸಿ ಕರೆತಂದಳು. ಕೊನೆಯ ಸಲ ಏಳೂ ಜನ ಒಟ್ಟಿಗೇ ಬಂದರು. ಪಟ್ಟಿ ಬಿಚ್ಚಿದೆ. ಹುಣ್ಣಿದ್ದ ಕಡೆ ಒಣಗಿದ ಹೊಸ ಚರ್ಮ.

"ಕಾಲು ಉಳೀತು ಕಣಮ್ಮ," ಎಂದೆ.

ಆಕೆ ಎರಡೂ ಕಾಲೂರಿ ನಿಂತು ಅತ್ತಳು. ಉಳಿದವರು ಕಾರಿಡಾರಿನಲ್ಲಿ ಎಬ್ಬಿಸಿದ ಗದ್ದಲಕ್ಕೆ ವಾರ್ಡಿನವರೆಲ್ಲ ಹೊರಗೆ ಬಂದರು. ಸದ್ದು ಮಾಡಬೇಡಿ ಎಂದು ನರ್ಸ್ ಗದರಿಸಿಕೊಂಡು ಓಡಿ ಬಂದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಾನೇ.