ಇಂಗ್ಲಿಷ್ ಅತ್ತೆಯ ಬಾಯಲ್ಲಿ ನಮ್ಮ ಮಾತು

ರಂಗಂಪೇಟೆಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಇರುವ ಗೋಡೆ ಎಷ್ಟು ಸಲ ಸುಣ್ಣ ಬಳಿದರೂ ಹೊಗೆ ಹಿಡಿದೇ ಇರುತ್ತದೆ. ಆ ಗೋಡೆಯೊಂದಿಗೆ ನನ್ನ ವೈನಿ ಮಾತಾಡುತ್ತಾಳೆ. ನಗಬೇಡಿ, ನಿಮ್ಮ ಮನೆಯ ಸೊಸೆಯಂದಿರೂ ಮಾತಾಡಿದ್ದಾರು, ನೀವು ಕಿವಿಗೊಟ್ಟಿರಲಿಕ್ಕಿಲ್ಲ. ಅಣ್ಣನ ಕೈ ಹಿಡಿದು ಬಂದವಳು ಅವ್ವನ ಎದುರು ನಿಂತು ಏನನ್ನೂ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಬೇಕಾದ್ದನ್ನು ಗೋಡೆಗೋ, ಬೆಕ್ಕಿಗೋ, ತೊಟ್ಟಿಲ ಕೂಸಿಗೋ ಹೇಳಬೇಕು. 'ಎಣ್ಣಿ ತಳಾ ಕಂಡದ ನೋಡು' ಎಂದು ವೈನಿ ಗೋಡೆಗೆ ಹೇಳಿದರೆ, ಆಚೆ ಕುಳಿತ ಅವ್ವ ಯಾರನ್ನೂ ನೋಡದೆ ಸಂಜೆಯೊಳಗೆ ಎಣ್ಣೆ ತರಿಸುತ್ತಾಳೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಒಂದು ಮಾತಿಗೆ ಮಾತ್ರ ಆ ಗೋಡೆ ಎಷ್ಟು ದಿನವಾದರೂ ಉತ್ತರ ತಂದಿರಲಿಲ್ಲ. ವೈನಿಯ ಹಿರಿಯ ಮಗನ ಮೊದಲ ಕೂದಲು ತೆಗೆಸಿದ ಜವಳದ ದಿನ, ಅವಳ ತವರಾದ ದೇವಾಪುರದ ಬೀಗರು ಬಂದವರಿಗೆಲ್ಲ ಉಡುಗೊರೆಯ ರುಮಾಲು ಸುತ್ತಿ, ಗಡಿಬಿಡಿಯಲ್ಲಿ ನಮ್ಮಪ್ಪನೊಬ್ಬನನ್ನು ಮರೆತರು. ಅಪ್ಪ ನಕ್ಕು ಬಿಟ್ಟುಬಿಟ್ಟ. ಆದರೆ ಅದೇ ವರ್ಷ ಅವನು ತೀರಿಕೊಂಡದ್ದರಿಂದ, ಅವನು ಬಿಟ್ಟ ಸಿಟ್ಟನ್ನು ಅವ್ವ ಅವನ ನೆನಪಿನಂತೆ ಜೋಪಾನ ಮಾಡಿದಳು. ವೈನಿಗೆ ತವರಿನ ದಾರಿ ಮುಚ್ಚಿತು. ಎರಡನೆಯ ಹೆರಿಗೆಯೂ ನಮ್ಮಲ್ಲೇ ಆಯಿತು. ಈಗ ದೇವಾಪುರದಲ್ಲಿ ಅವಳ ತಾಯಿಯ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಪೂರ್ತಿ ಕತ್ತಲಾಗುವುದರೊಳಗೆ ಮೊಮ್ಮಗಳ ಮುಖವನ್ನೊಮ್ಮೆ ತೋರಿಸಿ ಬರಬೇಕೆಂಬುದೊಂದೇ ವೈನಿಯ ಆಸೆ. ಗೋಡೆ ಅದನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡಿತ್ತು. ಅವ್ವನೂ.

ಅದು ಏಕೀಕರಣವಾದ ಮರುವರ್ಷ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಸುರಪುರದ ಕಚೇರಿಯಲ್ಲಿ ಅದೇ ಮೇಜು, ಅದೇ ಗುಮಾಸ್ತ, ಅದೇ ಮಸಿಕುಡಿಕೆ. ಬಾಯಿಂದ ಹೊರಡುವ ಮಾತು ಮಾತ್ರ ಬದಲಾಗಿತ್ತು. ಅಷ್ಟು ವರ್ಷ ಉರ್ದುವಿಗೆ ಒಗ್ಗಿದ ತುಟಿಗಳು ಕನ್ನಡದ ಆಜ್ಞೆಗಳನ್ನು ಹೊರಡಿಸುವಾಗ ತುಟಿಗೂ ದನಿಗೂ ತಾಳ ಕೂಡದೆ, ನಮ್ಮ ಸೀಮೆಗೆ ಸೀಮೆಯೇ ಬೇರೊಂದು ಭಾಷೆಯ ಮಾತು ತೊಡಿಸಿದ ಚಿತ್ರದಂತೆ ಕಾಣುತ್ತಿತ್ತು.

ಚಿತ್ರದ ಹೋಲಿಕೆ ಸುಮ್ಮನೆ ಬಂದದ್ದಲ್ಲ. ಒಂದು ಮಧ್ಯಾಹ್ನ ಸುರಪುರದ ತಗಡಿನ ಥಿಯೇಟರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಇಟ್ಟ ಆಟಕ್ಕೆ ಅವ್ವ, ಕೂಸನ್ನೆತ್ತಿಕೊಂಡ ವೈನಿ ಮತ್ತು ನಾನು ಹೋಗಿದ್ದೆವು. ಬರಬೇಕಾದದ್ದು ಪುರಾಣದ ಚಿತ್ರ. ಯಾದಗಿರಿಯ ಸ್ಟೇಷನ್ನಿನಲ್ಲಿ ಪೆಟ್ಟಿಗೆಗಳು ಅದಲುಬದಲಾಗಿ, ಶಹಾಪುರದ ಮೇಲಿಂದ ಮೋಟಾರಿನಲ್ಲಿ ಬಂದಿಳಿದದ್ದು ಇಂಗ್ಲಿಷಿನ ಯಾವುದೋ ಮನೆತನದ ಕಥೆ. ಚಕ್ಕಡಿ ಕಟ್ಟಿಕೊಂಡು ಬಂದವರನ್ನು ಹಿಂದಕ್ಕೆ ಕಳಿಸಲಾರದೆ ಮ್ಯಾನೇಜರು, 'ಓದಿದವ್ರು ಯಾರರ ಇದ್ರ ನಾಕ ಮಂದಿಗಿ ತಿಳಿಸಿ ಹೇಳ್ರೆವಾ' ಎಂದು ಕೈಮುಗಿದ. ಎಲ್ಲರೂ ನನ್ನತ್ತ ತಿರುಗಿದರು.

ನಾನು ಪರೀಕ್ಷೆ ಬರೆಯುವ ಶ್ರದ್ಧೆಯಿಂದ ಹೇಳತೊಡಗಿದೆ: 'ತಮ್ಮ ಆಗಮನದಿಂದ ಈ ಗೃಹವು ಧನ್ಯವಾಯಿತು.' ಹಿಂದಿನಿಂದ ಒಬ್ಬಾಕೆ, 'ಏ ತಂಗಿ, ನಾವು ಸಾಲಿಗಿ ಬಂದಿಲ್ಲವಾ, ಆಟಾ ನೋಡಾಕ ಬಂದೇವಿ' ಎಂದಳು. ಎಲೆಯಡಿಕೆಯ ಚೀಲಗಳು ಬಿಚ್ಚಿಕೊಂಡವು. ನನ್ನ ಅನುವಾದದಲ್ಲಿ ತಪ್ಪಿರಲಿಲ್ಲ, ಕೇಳುವವರೂ ಇರಲಿಲ್ಲ.

ಆಗ ಪರದೆಯ ಮೇಲೆ ಬೋಳುತಲೆಯ ಯಜಮಾನನೊಬ್ಬ ಬಾಗಿಲಲ್ಲಿ ಛತ್ರಿ ಕೊಡವಿ ಏನೋ ಗೊಣಗಿದ. ನನ್ನ ಪಕ್ಕದಿಂದಲೇ ದಪ್ಪ ದನಿಯೊಂದು ಹೊರಟಿತು: 'ತಹಶೀಲಕ್ಕ ಹೋಗಿದ್ದೆ. ಅರ್ಜಿ ಉರ್ದುದಾಗ ಅದ, ಕನ್ನಡದಾಗ ಬರಕೊಂಡು ಬಾ ಅಂತ ಹೊಳ್ಳಿ ಕಳಸ್ಯಾರ.' ತಗಡು ಹಾರುವಂತೆ ನಗೆ ಎದ್ದಿತು. ತಿರುಗಿ ನೋಡಿದರೆ ವೈನಿ, ಬಾಯಿಗೆ ಸೆರಗು. ಮೆತ್ತೆಯ ಕುರ್ಚಿಯಲ್ಲಿ ಕುಳಿತಿದ್ದ ನಾಯಿ ಬೊಗಳಿತು. ಅದಕ್ಕೂ ವೈನಿಯದೇ ಮಾತು: 'ನಾ ಈ ಮನಿ ಅಳಿಯ. ಉಪ್ಪಿಟ್ಟು ಬರೂತನ ಏಳಾಂಗಿಲ್ಲ.' ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಗೋಡೆಯಾಚೆ ನಾಲ್ಕು ಮಾತು ದಾಟಿಸಲು ಹೆಣಗುತ್ತಿದ್ದವಳೊಳಗೆ ಇಷ್ಟು ಜನ ತುಂಬಿದ್ದರೆಂದು ನನಗೆ ಗೊತ್ತಿರಲಿಲ್ಲ.

ಕಥೆ ಸಾಗಿತು. ಕಪ್ಪು ಉಡುಪಿನ ಮುದುಕಿಯೊಬ್ಬಳ ಮುಂದೆ ತರುಣಿಯೊಬ್ಬಳು ಮಂಡಿಯೂರಿ ಅಂಗಲಾಚುತ್ತಿದ್ದಳು. ನಿಜಕ್ಕೂ ಅವಳು ಕೇಳುತ್ತಿದ್ದುದು ಔತಣಕೂಟಕ್ಕೆ ತೊಡಲು ಒಂದು ಮುತ್ತಿನ ಸರ. ವೈನಿಯ ದನಿ ಇದ್ದಕ್ಕಿದ್ದಂತೆ ಅವಳದೇ ಆಯಿತು.

'ಅತ್ತಿ, ನನ್ನವ್ವನ ಕಣ್ಣು ಮಂಜಾಗ್ಯಾವರಿ. ಕೂಸಿನ ಮಾರಿ ಇನ್ನಾ ಕಾಣೂವಾಗನ ಒಮ್ಮಿ ಕಳಸ್ರಿ. ರುಮಾಲ ಮರ್ತಾಂವ ನಮ್ಮಪ್ಪ. ನನ್ನವ್ವ ಅಲ್ಲರಿ.'

ರಂಗಂಪೇಟೆಯ ಹೆಂಗಸರೆಲ್ಲ ಅಲ್ಲಿದ್ದರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲೆ ಜಗಿಯುವ ಸದ್ದೂ ನಿಂತಿತು. ಪರದೆಯ ಮುದುಕಿ ಬಾಯಿ ತೆರೆದಳು. ಅವಳಿಗೆ ಮಾತು ಕೊಡುವವರು ಯಾರೂ ಇರಲಿಲ್ಲ. ವೈನಿ ತಲೆ ತಗ್ಗಿಸಿದ್ದಳು.

ಅವ್ವ ನನ್ನ ಕಡೆ ತಿರುಗಿದಳು. 'ಏನಂತಾಳ ಆಕಿ? ನೀ ಓದಿದಾಕಿ. ಇದ್ದದ್ದು ಹೇಳು.'

'ನಾನಿರುವ ತನಕ ಆ ಸರ ಪೆಟ್ಟಿಗೆಯಿಂದ ಹೊರಗೆ ಬಾರದು' ಎಂದು ಮುದುಕಿ ಹೇಳಿದ್ದಳು. ಒಂದು ಪದಕ್ಕೆ ಸರಿಯಾದ ಪದ ಸಿಗದಿದ್ದರೆ ನಿದ್ದೆಗೆಡುವವಳು ನಾನು. 'ಹೋಗಿ ಬಾ ಅಂತಾಳವ್ವಾ' ಎಂದೆ.

'ಮತ್ತ ತಲಿ ಯಾಕ ಹಂಗ ಅಲ್ಲಾಡಸ್ತಾಳ?'

ಅವ್ವ ನನ್ನ ಮುಖವನ್ನೇ ನೋಡಿ, 'ಇಷ್ಟ ಓದಿದ್ರೂ ನೆಟ್ಟಗ ಸುಳ್ಳ ಹೇಳೂದು ಕಲೀಲಿಲ್ಲ ನೀ' ಎಂದಳು. ಆಮೇಲೆ ಪರದೆಯತ್ತ ತಿರುಗಿ, ಮುದುಕಿಯ ತುಟಿ ಇನ್ನೂ ಆಡುತ್ತಿರುವಾಗಲೇ, ಗಟ್ಟಿಯಾಗಿ ತಾನೇ ಮಾತು ಕೊಟ್ಟಳು: 'ಹೋಗು. ನಾಕ ದಿನ ಇದ್ದು ಬಾ. ಗಾಳಿ ಭಾಳ ಅದ, ಕೂಸಿನ ತಲಿಗಿ ಕುಲಾಯಿ ಹಾಕು.'

ಮುದುಕಿ ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದಳು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಾತು ಯಾರ ಬಾಯಿಂದ ಹೊರಡುತ್ತದೆ ಎಂಬುದಕ್ಕಿಂತ, ಅದನ್ನು ಆಡಿಬಿಡಲು ಒಂದು ಬಾಯಿ ಸಿಗುವುದೇ ಹೆಚ್ಚೇನೋ. ಬೇರೆಯವರ ಮುಖ ಎರವಲು ಸಿಕ್ಕಾಗ ಸೊಸೆಗೆ ಕೇಳುವ ಧೈರ್ಯ ಬಂತು. ಅತ್ತೆಗೆ ಸೋಲದೆಯೇ ಬಾಗುವ ದಾರಿ ಸಿಕ್ಕಿತು.

ಮೂರನೆಯ ದಿನ ಅಣ್ಣ ಚಕ್ಕಡಿ ಹೂಡಿದ. ನಾನೂ ಜೊತೆಗೆ ಹೋದೆ. ದೇವಾಪುರದಲ್ಲಿ ವೈನಿಯ ತಾಯಿ ಕೂಸನ್ನು ಬಾಗಿಲ ಬೆಳಕಿಗೆ ಒಯ್ದು, ತನ್ನ ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಅತ್ತಿತ್ತ ತಿರುಗಿಸಿ ನೋಡಿದಳು. ವೈನಿ ಹೊಸ್ತಿಲಲ್ಲೇ ನಿಂತಿದ್ದಳು. ಕಡೆಗೆ ಮುದುಕಿ, 'ಕಣ್ಣು ನಮ್ಮವು. ಮೂಗು ಮಾತ್ರ ಬೀಗತಿದು, ಸಿಟ್ಟಿಂದು' ಎಂದಳು.

ಮರುದಿನ ಅಣ್ಣನೊಂದಿಗೆ ನಾನು ಮರಳಿದಾಗ, ವೈನಿಯ ತಾಯಿ ಏನಂದಳೆಂದು ಅವ್ವ ಕೇಳಿದಳು. ಒಂದಕ್ಷರವನ್ನೂ ಬದಲಿಸದೆ ಹೇಳಿದೆ. ಅವ್ವ ಮೊರದ ಜೋಳವನ್ನು ಎರಡು ಸಲ ಕೇರಿ ನಿಲ್ಲಿಸಿದಳು.

'ಅಂದ್ರ, ಕಂಡದ ಆಕಿಗಿ' ಎಂದಳು.